ಸೂಜಿರಾಯರ ಒಳದಾರಿ

ಮಕ್ಕಳೇ, ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ. ಇದು ದಾರಿಯ ಕತೆ. ನಡುವೆ ಎದ್ದು ಓಡಾಡುವವರಿಗೆ ಅರ್ಥವಾಗುವುದಿಲ್ಲ.

ಹೊಂಗೆಕಾಡಿನ ಒಂದು ತುದಿಗೆ ಕಲ್ಲುಗುಡ್ಡ, ಇನ್ನೊಂದು ತುದಿಗೆ ನೈದಿಲೆ ಕೆರೆ. ಎರಡರ ನಡುವೆ ಒಂದೇ ಒಂದು ದೊಡ್ಡದಾರಿ. ಹಗಲಿಡೀ ಅಲ್ಲಿ ತರಗೆಲೆ ಬಿಟ್ಟರೆ ಬೇರೆ ಯಾರೂ ಓಡಾಡುವುದಿಲ್ಲ. ಆದರೆ ಹೊತ್ತು ಇಳಿಯುವಾಗ ನೋಡಬೇಕು! ಹಗಲು ಮೇದವರು ಮನೆಗೆ ಹೊರಡುತ್ತಾರೆ. ಹಗಲು ಮಲಗಿದವರು ಕೆಲಸಕ್ಕೆ ಹೊರಡುತ್ತಾರೆ. ಕಾಡುಕೋಣಗಳು ದಾರಿಗೆ ಅಡ್ಡ ನಿಂತು ಮೆಲುಕು ಹಾಕುತ್ತವೆ. ಜಿಂಕೆಗಳು ಸಂದಿ ಕಂಡಲ್ಲೆಲ್ಲ ಮೂತಿ ತೂರಿಸುತ್ತವೆ. ಹಿಂದಿದ್ದವರು ಕಾರಣ ತಿಳಿಯದೆ ಕೂಗುತ್ತಾರೆ; ಮುಂದಿದ್ದವರು ಕಾರಣ ತಿಳಿದೂ ಅಲುಗುವುದಿಲ್ಲ.

ಕಲ್ಲುಗುಡ್ಡದಲ್ಲಿ ಸೂಜಿರಾಯರೆಂಬ ಮುಳ್ಳುಹಂದಿ ವಾಸವಾಗಿದ್ದರು. ಒಳ್ಳೆಯವರು, ಮರ್ಯಾದಸ್ಥರು. ಅವರಿಗೆ ಇದ್ದದ್ದು ಒಂದೇ ರೋಗ. ನಾಲ್ಕು ಜನ ನಡೆಯುವ ದಾರಿಯಲ್ಲಿ ತಾವೂ ನಡೆದರೆ ತಮ್ಮ ಬುದ್ಧಿಗೆ ಅವಮಾನವೆಂದು ಅವರು ನಂಬಿದ್ದರು.

ಆ ದಿನ ಅವರ ಒಬ್ಬಳೇ ಮಗಳು ಚಿಗುರಿಯ ಮದುವೆ. ಮುಳ್ಳುಹಂದಿಗಳ ಮನೆಯಲ್ಲಿ ಮದುವೆ ಎಂದರೆ ಗೋಧೂಳಿ ಲಗ್ನವೇ. ಬೆಳಗಿನ ಲಗ್ನಕ್ಕೆ ಅವರಲ್ಲಿ ಯಾರೂ ಎದ್ದಿರುವುದಿಲ್ಲ! ಕೆರೆಯ ಏರಿಯ ಮೇಲೆ, ಸೂರ್ಯ ನೀರಿಗೆ ತಾಗುವ ಗಳಿಗೆಯಲ್ಲಿ, ತಂದೆಯಾದವನು ಮಗಳ ಕೈ ಮೇಲೆ ದೊನ್ನೆಯಿಂದ ಧಾರೆ ಎರೆಯಬೇಕು. ಆ ಗಳಿಗೆ ತಪ್ಪಿದರೆ ಮುಂದಿನ ಲಗ್ನ ಮಳೆಗಾಲ ಕಳೆದ ಮೇಲೆ.

ಈ ಒಂದು ಧಾರೆಗಾಗಿ ಸೂಜಿರಾಯರು ಮಗಳು ಹುಟ್ಟಿದ ದಿನದಿಂದ ಕಾದಿದ್ದರು. ಆಗ ಅವಳ ಮುಳ್ಳುಗಳು ಹುಲ್ಲಿನ ಎಸಳಿನಷ್ಟು ಮೆತ್ತಗಿದ್ದವು. ಕೈ ನಡುಗಬಾರದೆಂದು ಅವರು ಒಂದು ತಿಂಗಳಿಂದ ಯಾರೂ ನೋಡದಾಗ ಬಂಡೆಯ ಮೇಲೆ ನೀರು ಸುರಿದು ಅಭ್ಯಾಸ ಮಾಡುತ್ತಿದ್ದರು.

ದಿಬ್ಬಣ ಹೊರಟಿತು. ರಾಯರು, ಅವರ ಹೆಂಡತಿ ಗರಿಯಮ್ಮ, ಮದುಮಗಳು ಚಿಗುರಿ, ಗರಿಯಮ್ಮನ ತಮ್ಮ ಮುಳ್ಳಣ್ಣ. ಹೊತ್ತು ಬೇಕಾದಷ್ಟಿತ್ತು. ಅರ್ಧ ದಾರಿ ಸಲೀಸಾಗಿ ಸಾಗಿತು. ಆಮೇಲೆ ಮುಂದೆ ಕೋಣಗಳ ಹಿಂಡು ನಿಂತಿತು. ಹಿಂದೆ ಬೆನ್ನಿಗೆ ಮರಿ ಅಂಟಿಸಿಕೊಂಡ ಒಬ್ಬ ಚಿಪ್ಪುಹಂದಿ ಅಜ್ಜಿ ತೂಗಾಡುತ್ತ ಬಂದು ನಿಂತರು.

ಸೂಜಿರಾಯರು ಹತ್ತು ಎಣಿಸುವಷ್ಟು ಹೊತ್ತು ಕಾದರು. ಅದು ಅವರ ತಾಳ್ಮೆಯ ಪೂರ್ತಿ ಅಳತೆ.

"ರೀ, ಚಡಪಡಿಸಬೇಡಿ," ಎಂದರು ಗರಿಯಮ್ಮ. "ನಾವು ನಾಲ್ಕೂ ಜನ ಒಮ್ಮೆ ಮುಳ್ಳು ಕೆದರಿ ನಿಂತರೆ ಕೋಣ ಏನು, ಆನೆಯೂ ಪಕ್ಕಕ್ಕೆ ಸರಿಯುತ್ತೆ."

"ಮದುವೆಯ ದಿನ ನಡುಬೀದಿಯಲ್ಲಿ ಮುಳ್ಳು ಕೆದರುವುದೇ? ನೋಡಿದವರು ಏನೆಂದಾರು? ಬುದ್ಧಿ ಇರುವವರು ಬುದ್ಧಿ ಉಪಯೋಗಿಸಬೇಕು, ಗರಿ."

ಅಷ್ಟರಲ್ಲಿ ಮೇಲಿನ ಕೊಂಬೆಯಿಂದ ಒಂದು ಮುಸುವ ಬಗ್ಗಿ, ಗುಟ್ಟು ಹೇಳುವಂತೆ ಪಿಸುಗುಟ್ಟಿತು. ಅದರ ಹೆಸರು ಕೊಂಬಯ್ಯ. ಮರದ ಮೇಲೆ ಕೂತು ಕೆಳಗಿನವರಿಗೆ ದಾರಿ ಹೇಳುವುದೇ ಅದರ ಕಸುಬು. ಅದು ಮಾತ್ರ ಒಂದು ದಿನವೂ ನೆಲದ ಮೇಲೆ ನಡೆದದ್ದಿಲ್ಲ.

"ರಾಯರೇ, ಎಡಕ್ಕೆ ಬಿದಿರುಮೆಳೆಯಲ್ಲಿ ಹೋಗಿ. ಒಂದು ನರಪಿಳ್ಳೆಯೂ ಇಲ್ಲ. ಯಾರಿಗೂ ಹೇಳಬೇಡಿ."

"ನೋಡಿದೆಯಾ?" ಎಂದು ರಾಯರು ಹೆಂಡತಿಯ ಕಡೆ ತಿರುಗಿದರು. "ಯೋಗ್ಯತೆ ಇದ್ದವರಿಗೆ ತಾನಾಗಿಯೇ ಸಮಾಚಾರ ಸಿಗುತ್ತೆ!"

ದಿಬ್ಬಣ ಎಡಕ್ಕೆ ತಿರುಗಿತು. ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ನಿಂತಿತು. ಬಿದಿರುಮೆಳೆಯೊಳಗೆ ಮೂರು ಕಾಡುಹಂದಿಗಳು, ಒಂಬತ್ತು ಮೊಲಗಳು, ಒಂದು ಕಡವೆ, ಇನ್ನೂ ಲೆಕ್ಕಕ್ಕೆ ಸಿಗದಷ್ಟು ಮಂದಿ ಒಬ್ಬರ ಬಾಲ ಇನ್ನೊಬ್ಬರು ತುಳಿದುಕೊಂಡು ನಿಂತಿದ್ದರು.

"ನಿಮಗೂ ಕೊಂಬಯ್ಯ ಹೇಳಿದನೇ?" ಎಂದು ಕಡವೆ ಕೇಳಿತು. ಅದರ ಕೊಂಬು ಬಿದಿರಿಗೆ ಸಿಕ್ಕಿಕೊಂಡಿತ್ತು.

"ನನಗೊಬ್ಬನಿಗೇ ಹೇಳಿದ್ದು," ಎಂದರು ರಾಯರು ಗಂಭೀರವಾಗಿ.

"ನನಗೂ ಹಾಗೇ ಹೇಳಿದ," ಎಂದಿತು ಕಡವೆ.

ತಿರುಗಿ ದೊಡ್ಡದಾರಿಗೆ ಬಂದಾಗ ಕೋಣಗಳು ಇದ್ದ ಜಾಗದಲ್ಲಿ ಬೇರೆ ಹಿಂಡು ನಿಂತಿತ್ತು. ಚಿಪ್ಪುಹಂದಿ ಅಜ್ಜಿ ಎಲ್ಲಿ? ಬಹಳ ಮುಂದೆ, ದಾರಿಯ ತಿರುವಿನಲ್ಲಿ, ಅದೇ ತೂಗಾಟದಲ್ಲಿ ಹೋಗುತ್ತಿದ್ದರು. ಮುಳ್ಳಣ್ಣನಿಗೆ ನಗು ತಡೆಯಲಾಗಲಿಲ್ಲ.

"ಭಾವ, ಆ ಅಜ್ಜಿ ಯಾವ ಒಳದಾರಿ ಹಿಡಿದರೋ ಕೇಳಿಕೊಂಡು ಬರಲೇ?"

ಸೂಜಿರಾಯರು ಕೇಳಿಸದವರಂತೆ ಆಕಾಶ ನೋಡಿದರು. ಸೂರ್ಯ ಮರಗಳ ತುದಿಗೆ ಇಳಿದಿದ್ದ. ತಪ್ಪು ಮಾಡಿದವರು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾಡಿದ ತಪ್ಪನ್ನು ಮುಚ್ಚಲು ಹೊರಟವರು ನಿಲ್ಲುವುದಿಲ್ಲ. ದಾರಿಯ ಪಕ್ಕದ ಹುತ್ತದ ಬುಡದಲ್ಲಿ ಅವರಿಗೆ ಒಂದು ಹಳೆಯ ಬಿಲ ಕಂಡಿತು.

"ಸಿಕ್ಕಿತು! ಇದು ನೆಲದಡಿಯಲ್ಲೇ ನೇರ ಕೆರೆಗೆ ಹೋಗುತ್ತೆ. ನಾನು ಎಷ್ಟೋ ಸಲ ಹೋಗಿದ್ದೇನೆ."

"ಯಾವಾಗ?" ಎಂದರು ಗರಿಯಮ್ಮ.

"ನಮ್ಮ ಮದುವೆಗೆ ಮುಂಚೆ."

"ಆಗ ನಿಮ್ಮ ಸೊಂಟ ಎಷ್ಟಿತ್ತು?"

ಚಿಗುರಿ ಮೆಲ್ಲಗೆ ಹೇಳಿದಳು: "ಅಪ್ಪ, ಬೇಡ. ನಮ್ಮ ಜೊತೆಗೇ ಬನ್ನಿ. ನೀವು ಇರಬೇಕು ನನಗೆ."

ಈ ಮಾತಿಗೆ ರಾಯರ ಮನಸ್ಸು ಒಂದು ಕ್ಷಣ ಕರಗಿತು. ಆದರೆ ಮುಳ್ಳಣ್ಣ ಇನ್ನೂ ನಗುತ್ತಿದ್ದ.

"ನೀವು ಈ ಸಂತೆಯಲ್ಲೇ ತೆವಳುತ್ತ ಬನ್ನಿ. ನಾನು ಮೊದಲೇ ಹೋಗಿ ದೊನ್ನೆಯಲ್ಲಿ ನೀರು ತುಂಬಿಕೊಂಡು ನಿಂತಿರುತ್ತೇನೆ. ಆಗ ಗೊತ್ತಾಗುತ್ತೆ ಯಾರ ಬುದ್ಧಿ ಎಷ್ಟೆಂದು!" ಎಂದು ಹೇಳಿ ಅವರು ಬಿಲದೊಳಗೆ ನುಗ್ಗಿದರು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಮುಳ್ಳುಹಂದಿಯ ಮುಳ್ಳು ಹಿಂದಕ್ಕೆ ಬಾಗಿರುತ್ತದೆ. ಆದ್ದರಿಂದ ಇಕ್ಕಟ್ಟಿನಲ್ಲಿಯೂ ಮುಂದಕ್ಕೆ ಜಾರಿಕೊಂಡು ಹೋಗಬಹುದು. ರಾಯರು ಜಾರಿದರು, ಜಾರಿದರು, ಮೂಗು ಗಟ್ಟಿಯಾದ ಯಾವುದಕ್ಕೋ ಬಡಿಯಿತು. ಆಲದ ಬೇರು. ತೋಳಿನಷ್ಟು ದಪ್ಪದ ಬೇರುಗಳು ಬಿಲದ ಮುಂದಿನ ದಾರಿಯನ್ನೇ ನೇಯ್ದು ಮುಚ್ಚಿದ್ದವು.

"ಚಿಂತೆಯಿಲ್ಲ, ಹಿಂದಕ್ಕೆ ಹೋದರಾಯಿತು," ಎಂದು ಒಂದು ಹೆಜ್ಜೆ ಹಿಂದಿಟ್ಟರು. ಬೆನ್ನಿನ ನೂರಾರು ಮುಳ್ಳುಗಳು ಒಟ್ಟಿಗೆ ಬಿಲದ ಗೋಡೆಗೆ ನಾಟಿಕೊಂಡವು. ಇನ್ನೊಂದು ಹೆಜ್ಜೆ, ಇನ್ನೂ ಆಳಕ್ಕೆ ನಾಟಿದವು. ಇಡೀ ಕಾಡನ್ನು ಹೆದರಿಸುವ ಮುಳ್ಳುಗಳೇ ಒಡೆಯನನ್ನು ಮೊಳೆ ಹೊಡೆದಂತೆ ಹಿಡಿದು ನಿಲ್ಲಿಸಿದ್ದವು.

ತಲೆಯ ಮೇಲೆ ಧಡಧಡ ಸದ್ದು. ದೊಡ್ಡದಾರಿ ಅವರ ನೆತ್ತಿಯ ಮೇಲೆಯೇ ಇತ್ತು! ಅಷ್ಟರಲ್ಲಿ ಅವರಿಗೆ ಚೆನ್ನಾಗಿ ಗೊತ್ತಿದ್ದ ಗಲಗಲ ಶಬ್ದ ಕೇಳಿಸಿತು. ಗರಿಯಮ್ಮ ಬಾಲದ ಮುಳ್ಳು ಅಲ್ಲಾಡಿಸುತ್ತ ಬರುತ್ತಿದ್ದರು.

"ದಾರಿ ಬಿಡ್ರೋ, ಚುಚ್ಚೀತು!" ಎಂದು ಒಂದು ಕೋಣ ಕೂಗಿತು. "ಮದುಮಗಳು ಬರ್ತಾ ಇದಾಳೆ, ಸರೀರಿ ಪಕ್ಕಕ್ಕೆ!"

"ಗರೀ! ಚಿಗುರೀ! ನಾನು ಇಲ್ಲಿದ್ದೇನೆ!" ಎಂದು ರಾಯರು ಮಣ್ಣು ತಿನ್ನುತ್ತ ಅರಚಿದರು.

"ಯಾರೋ ಕೆಳಗೆ ಕಿರುಚಿದ ಹಾಗಾಯ್ತು," ಎಂದಿತು ಒಂದು ಮೊಲದ ದನಿ.

"ಯಾವುದೋ ಇಲಿ. ದಾರಿ ತಪ್ಪಿರಬೇಕು, ಪಾಪ," ಎಂದಿತು ಇನ್ನೊಂದು.

ಗಲಗಲ ಶಬ್ದ ದೂರವಾಯಿತು. ಆಗ ಸೂಜಿರಾಯರು ಮರ್ಯಾದೆ ಮರೆತು ಮೇಲಕ್ಕೆ ಕೆರೆಯತೊಡಗಿದರು. ಉಗುರು ಸವೆಯಿತು. ಮುಳ್ಳು ಒಂದೊಂದಾಗಿ ಮುರಿಯಿತು. ಕೊನೆಗೆ ತಲೆ ಹೊರಬಂದದ್ದು ದೊಡ್ಡದಾರಿಯ ನಟ್ಟನಡುವೆ. ದಾರಿ ಪೂರ್ತಿ ಖಾಲಿ. ಗದ್ದಲ ಮುಗಿದು, ಎಲ್ಲರೂ ಸೇರಬೇಕಾದಲ್ಲಿಗೆ ಸೇರಿಯಾಗಿತ್ತು.

ಅವರು ಓಡಿದರು. ಏರಿ ಹತ್ತುವಾಗ ನೀರು ಕೆಂಪಾಗಿತ್ತು, ಸೂರ್ಯ ಇರಲಿಲ್ಲ.

ಪುರೋಹಿತರಾದ ಕಪ್ಪೆ ಜೋಯಿಸರು ಬುತ್ತಿ ಕಟ್ಟಿಕೊಳ್ಳುತ್ತಿದ್ದರು. "ಮೂರು ಸಲ ಕೂಗಿದೆ, ರಾಯರೇ. ‘ಹುಡುಗಿಯ ತಂದೆ ಎಲ್ಲಿ, ಹುಡುಗಿಯ ತಂದೆ ಎಲ್ಲಿ’ ಎಂದು. ಸೂರ್ಯ ನಿಮಗಾಗಿ ಕಾಯುತ್ತಾನೆಯೇ? ಸೋದರಮಾವನ ಕೈಯಲ್ಲಿ ಧಾರೆ ಎರೆಸಿದೆ."

ಮುಳ್ಳಣ್ಣ ಈಗ ನಗುತ್ತಿರಲಿಲ್ಲ. ಖಾಲಿ ದೊನ್ನೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನೆಲ ನೋಡುತ್ತಿದ್ದ. ಗರಿಯಮ್ಮ ಗಂಡನ ಬೋಳು ಬೆನ್ನು ನೋಡಿದರು. ಅವರು ಬೈದಿದ್ದರೆ ರಾಯರಿಗೆ ಹಾಯೆನಿಸುತ್ತಿತ್ತು.

"ಆ ಆಲದ ಬೇರು ಅಲ್ಲಿ ಬೆಳೆಯದೇ ಇದ್ದಿದ್ದರೆ, ನಾನು ನಿಮ್ಮೆಲ್ಲರಿಗಿಂತ ಮೊದಲು..." ಎಂದು ಶುರು ಮಾಡಿದರು ರಾಯರು.

ಚಿಗುರಿ ಬಂದು ಅವರ ಮೂತಿಗೆ ಮೆತ್ತಿದ್ದ ಮಣ್ಣು ಒರೆಸಿದಳು. ಅವಳ ಕೈ ಇನ್ನೂ ಒದ್ದೆಯಾಗಿತ್ತು.

ಸೂಜಿರಾಯರು ಮಾತು ಅಲ್ಲಿಗೇ ನಿಲ್ಲಿಸಿದರು.

ನೀತಿ: ನಾಲ್ಕು ಜನರ ಜೊತೆ ನಡೆಯಲು ನಾಚುವ ಜಾಣ, ತಾನು ಇರಲೇಬೇಕಾದ ಗಳಿಗೆಯಲ್ಲಿ ಇರುವುದಿಲ್ಲ.