ಇಷ್ಟ ಕೇಳುವ ಮೇಷ್ಟ್ರು

"ಗುರುಗಳೇ, ಮಕ್ಕಳಿಗೆ ಲೆಕ್ಕ ಹಿಡಿಸುವಂತೆ ಮಾಡಲು ಇನ್ನೇನು ಮಾಡಬೇಕು?"

ಕೇಳಿದವನು ಗುರುಪಾದ. ಮಠದ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದ. ಮಧ್ಯಾಹ್ನದ ಪಾಠ ಮುಗಿಸಿ ನೇರ ಬಂದಿದ್ದ. ಕೈಗೆ ಮೆತ್ತಿದ ಸೀಮೆಸುಣ್ಣವನ್ನು ತೊಳೆದುಕೊಳ್ಳುವಷ್ಟೂ ಉಮೇದು ಅವನಲ್ಲಿ ಉಳಿದಿರಲಿಲ್ಲ.

ಮಾಡಬಹುದಾದದ್ದನ್ನೆಲ್ಲ ಮಾಡಿದ್ದೇನೆ ಎಂದು ಅವನು ಹೇಳಿಕೊಂಡ. ಕಬಡ್ಡಿಯ ಹುಚ್ಚಿನವನಿಗೆ ಕಬಡ್ಡಿಯಲ್ಲೇ ಕೂಡುವುದು ಕಳೆಯುವುದು. ಹೊಲಿಗೆ ಎಂದರೆ ಪ್ರಾಣ ಬಿಡುವವಳಿಗೆ ಲಂಗದ ಅಳತೆಯಲ್ಲೇ ಭಿನ್ನರಾಶಿ. ಮೀನು ಹಿಡಿಯುವವನಿಗೆ ಕೆರೆಯ ಏರಿಯ ಮೇಲೇ ಕೂತು ತ್ರಿಕೋನ. ಎಂಟು ದಿನ ನಡೆಯುತ್ತದೆ. ಒಂಬತ್ತನೆಯ ದಿನ ಆಕಳಿಸುತ್ತಾರೆ. ಮತ್ತೆ ಹೊಸದನ್ನು ಹುಡುಕಬೇಕು. ಈ ವರ್ಷ ನಲವತ್ತು ಮಕ್ಕಳಿದ್ದಾರೆ. ತನಗೆ ಸಾಕಾಗಿದೆ. ಹೊಸ ಉಪಾಯವೊಂದಿದ್ದರೆ ಹೇಳಬೇಕು, ಇಲ್ಲವಾದರೆ ಪಾಠದಿಂದ ಬಿಡಿಸಿ ದಾಸೋಹದ ಅಡಿಗೆಮನೆಗೆ ಹಾಕಬೇಕು.

ಗುರುಗಳು ಆಗಲಿ ಎನ್ನಲಿಲ್ಲ, ಆಗದು ಎನ್ನಲಿಲ್ಲ. ಕೂತುಕೊಳ್ಳಲು ಹೇಳಿ ಒಂದು ಕತೆ ತೆಗೆದರು. ಉಪಾಯ ಕೇಳಿದವನಿಗೆ ಕತೆ ಸಿಕ್ಕಿತಲ್ಲ ಎಂದು ಗುರುಪಾದನಿಗೆ ಒಳಗೊಳಗೇ ಬೇಸರವಾಯಿತು. ಆದರೂ ಕತೆಯ ಹೊಟ್ಟೆಯಲ್ಲಿ ಉಪಾಯ ಇದ್ದೇ ಇರುತ್ತದೆ ಎಂದುಕೊಂಡು ಕೂತ.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದ. ಮನೆಮನೆಗೆ ಹೋಗಿ ಲೆಕ್ಕ ಹೇಳಿಕೊಡುವುದು ಅವನ ಕೆಲಸ. ಬರೀ ಅಂಕಿ ಮಕ್ಕಳ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು. ಆದ್ದರಿಂದ ಯಾವ ಮನೆಗೆ ಹೋದರೂ ಮೊದಲು ಒಂದೇ ಮಾತು ಕೇಳುತ್ತಿದ್ದ. "ಮಗೂ, ನಿನಗೇನು ಇಷ್ಟ?" ಮಗು ಪಾರಿವಾಳ ಎಂದರೆ ಲೆಕ್ಕಕ್ಕೆ ರೆಕ್ಕೆ ಬರುತ್ತಿತ್ತು. ಬುಗುರಿ ಎಂದರೆ ಲೆಕ್ಕ ತಿರುಗುತ್ತಿತ್ತು. ಮಕ್ಕಳು ಕಲಿತರು. ಹೆತ್ತವರು ಹೊಗಳಿದರು. ಊರಿನಲ್ಲಿ ಅವನಿಗೆ ಇಷ್ಟ ಕೇಳುವ ಮೇಷ್ಟ್ರು ಎಂದೇ ಹೆಸರಾಯಿತು.

ಆ ಊರಿನಲ್ಲಿ ಒಬ್ಬ ವಿಧವೆಗೆ ಒಬ್ಬಳೇ ಮಗಳು. ಓದಿನಲ್ಲಿ ಚುರುಕು, ಲೆಕ್ಕದಲ್ಲಿ ಸೊನ್ನೆ. ಪಕ್ಕದ ಪಟ್ಟಣದ ದೊಡ್ಡ ಶಾಲೆಗೆ ಸೇರಬೇಕಾದರೆ ಲೆಕ್ಕದ ಪರೀಕ್ಷೆಯಲ್ಲಿ ಗೆಲ್ಲಬೇಕು. ಅದಕ್ಕೆ ಇದ್ದದ್ದು ಒಂದೂವರೆ ತಿಂಗಳು. ಸೇರದೆ ಹೋದರೆ ಓದು ಅಲ್ಲಿಗೇ ಮುಗಿಯಿತು, ಊರಿನಲ್ಲಿ ಅದಕ್ಕಿಂತ ಮುಂದಿನ ತರಗತಿ ಇರಲಿಲ್ಲ. ತಾಯಿ ಮೇಷ್ಟ್ರನ್ನು ಕರೆಸಿದಳು. ಮೇಷ್ಟ್ರು ತನ್ನ ಎಂದಿನ ಪ್ರಶ್ನೆ ಕೇಳಿದ. ಹುಡುಗಿ ಅಳಗುಳಿಮಣೆ ಎಂದಳು. ದಿನಾ ಮಧ್ಯಾಹ್ನ ಅಜ್ಜಿಯೂ ಅವಳೂ ಆಡುತ್ತಿದ್ದರು.

ಮಣೆಯಲ್ಲಿ ಹದಿನಾಲ್ಕು ಗುಳಿ, ಗುಳಿಗೆ ಐದರಂತೆ ಹುಣಸೆಬೀಜ. ಒಂದು ಗುಳಿ ಬರಿದುಮಾಡಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಬೀಜ ಎತ್ತುವ ಮೊದಲು ಎಣಿಸಬಾರದು. ಕೈ ಇಟ್ಟ ಗುಳಿಯನ್ನು ಬಿಡಲೂಬಾರದು. ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಬೀಳುವವರೆಗೆ ಯಾರಿಗೂ ಗೊತ್ತಾಗಕೂಡದು.

ಮೇಷ್ಟ್ರಿಗೆ ಕಟ್ಟಳೆಯ ಗೊಡವೆ ಇರಲಿಲ್ಲ, ಎಣಿಕೆಯ ಗೊಡವೆ ಇತ್ತು. ಅವನು ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಈ ಗುಳಿಯ ಒಂಬತ್ತು ಬೀಜ ಹಾಕುತ್ತ ಹೋದರೆ ಕೊನೆಯದು ಎಲ್ಲಿ ಬೀಳುತ್ತದೆ ಎಂದು ಕೇಳಿದ. ಕೈಯಲ್ಲಿ ಮೂವತ್ತು ಬೀಜವಿದ್ದರೆ ಮಣೆಯನ್ನು ಎಷ್ಟು ಸುತ್ತು ಸುತ್ತಬಹುದು, ಕೊನೆಗೆ ಎಷ್ಟು ಮಿಗುತ್ತವೆ ಎಂದು ಕೇಳಿದ. ಹುಡುಗಿ ಹೇಳಿದಳು. ಇಪ್ಪತ್ತು ದಿನದಲ್ಲಿ ಭಾಗಾಕಾರ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ತಾಯಿ ಕಣ್ಣಿಗೆ ಸೆರಗು ಒತ್ತಿಕೊಂಡಳು. ಮೇಷ್ಟ್ರು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಇಲ್ಲಿ ಗುರುಪಾದ ತುಸು ಮುಂದಕ್ಕೆ ಸರಿದು ಕೂತ. ಉಪಾಯ ಚೆನ್ನಾಗಿದೆ, ನಾಳೆಯೇ ಒಂದು ಮಣೆ ತರಿಸಬೇಕು ಎಂಬ ಯೋಚನೆ ಅವನ ತಲೆಯಲ್ಲಿ ಓಡಿತು. ಮರುಗಳಿಗೆಯೇ ನಲವತ್ತು ಮಕ್ಕಳಿಗೆ ಎಷ್ಟು ಮಣೆ ಎಂದು ನೆನೆದು ಮತ್ತೆ ಸುಸ್ತಾಯಿತು. ಗುರುಗಳು ಅವನ ಕಡೆ ನೋಡದೆ ಮುಂದುವರಿಸಿದರು.

ಲೆಕ್ಕ ಬಂದ ಮೇಲೆ ಅದನ್ನು ಪಾಠದ ಹೊತ್ತಿಗೆ ಮಾತ್ರ ಎಂದು ಕಟ್ಟಿಹಾಕಲು ಆಗುವುದಿಲ್ಲ. ಮಧ್ಯಾಹ್ನ ಅಜ್ಜಿಯ ಎದುರು ಕೂತಾಗಲೂ ಹುಡುಗಿಯ ಕಣ್ಣು ಗುಳಿಗಳನ್ನು ಎಣಿಸುತ್ತಿತ್ತು. ಬೇಡವೆಂದರೂ ತುಟಿ ಅಲುಗುತ್ತಿತ್ತು. ಆಟ ಶುರುವಾಗುವಾಗಲೇ ಅದು ಹೇಗೆ ಮುಗಿಯುತ್ತದೆಂದು ಅವಳಿಗೆ ತಿಳಿದುಬಿಡುತ್ತಿತ್ತು. ಅಜ್ಜಿ ಹತ್ತು ದಿನ ಸೋತು ನಕ್ಕಳು. ಹನ್ನೊಂದನೆಯ ದಿನ ಬೀಜಗಳನ್ನೆಲ್ಲ ಡಬ್ಬಿಗೆ ತುಂಬಿದಳು.

"ಎಣಿಸಿ ಆಡೋದಾದ್ರೆ ನಾನ್ಯಾಕವ್ವ ಎದುರಿಗೆ ಕೂರ್ಬೇಕು? ನೀನೇ ಆಡ್ಕೊ" ಎಂದಳು. ಮುನಿಸಿನಿಂದ ಹೇಳಲಿಲ್ಲ. ಮಣೆ ಅಟ್ಟ ಸೇರಿತು. ಮಧ್ಯಾಹ್ನ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗತೊಡಗಿದಳು.

ಮಣೆ ಹೋದಂತೆ ಲೆಕ್ಕವೂ ಹೋಯಿತು. ಹುಡುಗಿಗೆ ಮರೆತಿರಲಿಲ್ಲ. ಸ್ಲೇಟು ಮುಂದಿಟ್ಟರೆ ಬಳಪ ಹಿಡಿಯುತ್ತಿರಲಿಲ್ಲ, ಅಷ್ಟೆ. ಪರೀಕ್ಷೆಗೆ ಹತ್ತು ದಿನ ಇತ್ತು. ತಾಯಿ ಮೇಷ್ಟ್ರ ಮುಂದೆ ಕೈಮುಗಿದಳು. ಇವಳಿಗೆ ಇನ್ನೇನಾದರೂ ಇಷ್ಟವಿದ್ದೀತು, ಹೇಗಾದರೂ ಕೇಳಿ ನೋಡಿ ಎಂದು ಬೇಡಿಕೊಂಡಳು. ಮೇಷ್ಟ್ರು ಆ ಹೊತ್ತಿಗೆ ಐದು ಮನೆ ಮುಗಿಸಿ ಬಂದಿದ್ದ. ಐದು ಮನೆಯಲ್ಲಿ ಐದು ಬಗೆಯ ಇಷ್ಟಗಳನ್ನು ಹೊತ್ತಿದ್ದ. ಆದರೂ ಕಂಬಕ್ಕೆ ಒರಗಿ ಕೂತು ಕೇಳಿದ.

"ಮಣೆ ಬೇಡ ಅಂದ್ರೆ ಬೇಡ. ಇನ್ನೇನು ಇಷ್ಟ, ಹೇಳು ಮಗೂ."

ಹುಡುಗಿ ಸ್ಲೇಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು.

"ಹೇಳಲ್ಲ ಮೇಷ್ಟ್ರೇ. ಹೇಳಿದ್ರೆ ಅದನ್ನೂ ಲೆಕ್ಕ ಮಾಡ್ಬಿಡ್ತೀರ."

ಮೇಷ್ಟ್ರಿಗೆ ನೋವಾಯಿತು. ಹನ್ನೆರಡು ವರ್ಷದ ಮಗುವಿನ ಬಾಯಲ್ಲಿ ಅಂಥ ಮಾತು ಕೇಳಿದರೆ ಯಾರಿಗಾದರೂ ಆಗುತ್ತದೆ. ಆಗ ಅವನಿಗೆ ಉಳಿದ ಮನೆಗಳೂ ನೆನಪಾದವು. ಪಾರಿವಾಳದ ಹುಡುಗ ಈಚೆಗೆ ಗೂಡಿನ ಕಡೆ ಹೋಗುತ್ತಿರಲಿಲ್ಲ. ಬುಗುರಿಯವನು ಮೇಷ್ಟ್ರು ಬರುವುದನ್ನು ಕಂಡರೆ ಬುಗುರಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹೊಸದಾಗಿ ಸೇರಿದ ಮಕ್ಕಳನ್ನು ಇಷ್ಟವೇನು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಏನೂ ಇಲ್ಲ. ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಆ ಉತ್ತರವನ್ನು ಅವನು ಇಲ್ಲಿಯವರೆಗೆ ಸೋಮಾರಿತನ ಎಂದು ತಿಳಿದಿದ್ದ.

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಹುಡುಗಿ ಬಾಗಿಲವರೆಗೆ ಬಂದಳು. ಅವಳಿಗೂ ಆ ದೊಡ್ಡ ಶಾಲೆ ಬೇಕಾಗಿತ್ತು. ಮೇಷ್ಟ್ರನ್ನು ನೋಯಿಸಿದೆನಲ್ಲ ಎಂಬ ಅಳುಕೂ ಇತ್ತು. ಹೊಸಿಲ ಮೇಲೆ ನಿಂತು, ಅವನು ಇಷ್ಟು ವರ್ಷ ಎಲ್ಲರನ್ನೂ ಕೇಳಿದ್ದನ್ನೇ ಅವಳು ಕೇಳಿದಳು.

"ನಿಮಗೇನಿಷ್ಟ ಮೇಷ್ಟ್ರೇ? ಅದರಲ್ಲೇ ಹೇಳಿಕೊಡಿ, ಕಲೀತೀನಿ."

ಮೇಷ್ಟ್ರು ನಿಂತ. ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ನಾಳೆ ಹೇಳುತ್ತೇನೆ ಎಂದು ಮೆಟ್ಟಿಲಿಳಿದು ಹೋದ. ಮಾರನೆಯ ದಿನ ಅವನು ಆ ಬೀದಿಗೆ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಹುಡುಗಿ ಹತ್ತು ದಿನವೂ ಸ್ಲೇಟು ಒರೆಸಿಟ್ಟುಕೊಂಡು, ತಾನಾಗಿ ಒಂದು ಲೆಕ್ಕವನ್ನೂ ಬಿಡಿಸದೆ, ಜಗಲಿಯಲ್ಲಿ ಕಾದಳು. ಪರೀಕ್ಷೆಯ ಬೆಳಿಗ್ಗೆ ಪಟ್ಟಣದ ಗಾಡಿ ಅವಳ ಮನೆಯ ಮುಂದೆ ಒಂದು ಗಳಿಗೆ ನಿಂತು, ಯಾರೂ ಹತ್ತದಿರುವುದನ್ನು ಕಂಡು ಮುಂದೆ ಹೋಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಪಾದ ಕಾದ. ಕತೆ ಅಲ್ಲಿಗೇ ಮುಗಿಯಿತೆಂದು ಒಪ್ಪಲು ಅವನಿಗೆ ಮನಸ್ಸಾಗಲಿಲ್ಲ. ಆ ಹುಡುಗಿಯ ಮೇಲೆ ಕನಿಕರ ಬಂತು, ಮೇಷ್ಟ್ರ ಮೇಲೆ ಸಿಟ್ಟು ಬಂತು. ಅಷ್ಟು ಸುಲಭದ ಪ್ರಶ್ನೆಗೆ ಬೆನ್ನು ತಿರುಗಿಸಿ ಹೋಗುವುದೆಂದರೇನು?

"ಲೆಕ್ಕವೇ ನನಗೆ ಇಷ್ಟ ಎಂದು ಅವನು ಒಂದು ಮಾತು ಹೇಳಿಬಿಡಬಹುದಿತ್ತಲ್ಲ, ಗುರುಗಳೇ?" ಎಂದ.

ಗುರುಗಳು ಈಗ ಅವನ ಮುಖವನ್ನು ನೋಡಿದರು.

"ಹೇಳಬಹುದಿತ್ತು, ಗುರುಪಾದ. ಆದರೆ ಆ ಮಗುವಿಗೆ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ."