ಪಕ್ಕದವರು ಎತ್ತಿದ ಮೇಲೆ

ಪೆದ್ದನನ್ನು ಹೆತ್ತವಳು ಪೆದ್ದಿಯಲ್ಲ. ಇಷ್ಟನ್ನು ಮೊದಲೇ ಹೇಳಿ ಕತೆಗೆ ಬರುತ್ತೇನೆ.

ದುಂಡವ್ವ ಅಂತ ಒಬ್ಬಳು ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಬಾಳಪ್ಪ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬಾಗಿಲು ಕಾಯಿ ಅಂದರೆ, ಕಳ್ಳ ಹಿತ್ತಲಿನಿಂದ ಬಂದು ಹೋದರೂ ಬಾಗಿಲನ್ನೇ ಕಾಯುವವನು. ದನಿ ಮಾತ್ರ ಗಂಟೆ ಹೊಡೆದ ಹಾಗೆ.

ದುಂಡವ್ವನಿಗೆ ಕೆಮ್ಮಿದರೆ ರಕ್ತ ಬೀಳತೊಡಗಿತು. ನಾನು ಹೋದರೆ ಇವನಿಗೆ ಉಣ್ಣಲಿಕ್ಕೆ ಯಾರು ಕೊಡುತ್ತಾರೆ? ಭಜನಾ ಮೇಳದವನಾದರೆ ಹಾಡಿದ ಮನೆಯಲ್ಲಿ ಊಟ ಇದ್ದೇ ಇದೆ. ಮಗನನ್ನು ಮಠಕ್ಕೆ ಕರೆದೊಯ್ದು ಮೇಳದ ಹಿರಿಯ ರಾಚಯ್ಯನವರ ಮುಂದೆ ಕೂರಿಸಿದಳು.

"ಹಾಡೋಕ್ಕಿಂತ ಮೊದಲ ಗಂಟಲು ಸಡಿಲಾಗಬೇಕು. ಬಾಯಿ ಮುಚ್ಚಿ ಹ್ಞೂಂ ಅಂತ ದನಿ ಎಳಿ," ಅಂದರು ಅವರು.

ಎಳೆದ. ಮೇಳ ಹಾಡು ಶುರುಮಾಡಿತು, ಇವನದು ಹ್ಞೂಂ. ಹಾಡು ಮುಗಿಯಿತು, ಹ್ಞೂಂ. ಮನೆಗೆ ಬಂದ, ಹ್ಞೂಂ. ರೊಟ್ಟಿ ಮುಂದಿಟ್ಟರೂ ಬಾಯಿ ತೆರೆಯಲಿಲ್ಲ.

"ಹಲ್ಲು ನೋಯ್ತಾವೇನೋ?"

"ಹ್ಞೂಂ."

ಲವಂಗ ಅರೆದು ತಂದರೂ ಅದೇ ಹ್ಞೂಂ. ಆಗ ತಾಯಿಗೆ ಸಂಗತಿ ತಿಳಿಯಿತು. "ಮಂಕಾ, ಮಂದಿ ನೋಡಿ ಕಲಿ. ಅವರು ಬಾಯಿ ತೆರೆದಾಗ ನೀನೂ ತೆರಿ."

ಮರುದಿನ ತಾಳದ ಶಿವರುದ್ರ ಆಕಳಿಸಿದ, ಇವನೂ ಬಾಯಿ ತೆರೆದ. ಮುದುಕರೊಬ್ಬರು ಎಲೆಅಡಿಕೆ ಹಾಕಿಕೊಂಡರು, ಇವನೂ ಬಾಯಿ ತೆರೆದ. ಮೇಳ ನಕ್ಕಿತು, ಹಾಡು ಮುರಿಯಿತು.

"ಎಲ್ಲಾರ ಬಾಯಿ ನೋಡಬ್ಯಾಡೋ ಮಾರಾಯ," ಅಂದರು ರಾಚಯ್ಯನವರು. "ಪಕ್ಕದವನ ದನಿ ಕೇಳು. ಅವನು ಎತ್ತಿದ ಮ್ಯಾಲೆ ಎತ್ತು."

ಅದರ ಮರುದಿನ ಪಕ್ಕದಲ್ಲಿ ಕೂರುತ್ತಿದ್ದ ಶಿವರುದ್ರ ಬೀಗರೂರಿಗೆ ಹೋಗಿದ್ದ. ಎಲ್ಲರೂ ಹಾಡಿದರು. ಬಾಳಪ್ಪ ಖಾಲಿ ಜಾಗ ನೋಡುತ್ತ ಕುಳಿತ.

"ಯಾಕೋ ಸುಮ್ಮನ ಕುಂತಿ?"

"ಪಕ್ಕದವ ಇನ್ನೂ ಎತ್ತಿಲ್ರೀ."

"ಪಕ್ಕದಾಗ ಯಾರೂ ಇಲ್ಲಲ್ಲೋ."

"ಅದಕ್ಕ ಎತ್ತಿಲ್ರೀ."

ರಾಚಯ್ಯನವರು ಅವನನ್ನು ಮನೆಗೆ ಕಳಿಸಿ, ಮತ್ತೆ ಬರಬೇಡ ಅಂದರು.

ದುಂಡವ್ವ ಕಾಲು ಹಿಡಿಯಲಿಲ್ಲ. ಮರುದಿನ ತಾನೇ ಬಂದು ಮಗನ ಪಕ್ಕ ಕುಳಿತಳು. ಗಂಡಸರ ಮೇಳದಲ್ಲಿ ಹೆಂಗಸು ಕೂರುವ ರೂಢಿ ಇರಲಿಲ್ಲ. ಗೊಣಗುವವರು ಗೊಣಗಿದರು.

"ಇನ್ನ ಮ್ಯಾಲೆ ನಿನ್ನ ಪಕ್ಕದಾಕಿ ನಾನು," ಅಂದಳು ಮಗನಿಗೆ. "ನಾ ಬಾಯಿ ಮುಚ್ಚಿದ್ರ ನೀನೂ ಮುಚ್ಚಿ ಹ್ಞೂಂ ಅನ್ನು. ನಾ ಎತ್ತಿದ್ರ ಎತ್ತು. ನನ್ನ ಬಿಟ್ಟು ಎತ್ತಬ್ಯಾಡ."

ಒಡೆದ ದನಿಯಲ್ಲಿ ಎತ್ತಿದಳು. ಬಾಳಪ್ಪನೂ ಎತ್ತಿದ. ಮಠ ತುಂಬಿತು. ಬೀಗರೂರಿನಿಂದ ಮರಳಿದ್ದ ಶಿವರುದ್ರ ತಾಳ ಹಾಕುವುದನ್ನೇ ಮರೆತ.

"ಇವ ನಮ್ಮವ," ಅಂದರು ರಾಚಯ್ಯನವರು.

ಒಬ್ಬನೇ ಎತ್ತುವುದನ್ನೂ ಕಲಿಸಬೇಕು ಅಂದುಕೊಂಡಿದ್ದಳು ದುಂಡವ್ವ. ಆ ವಾರ ದಾಟಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತೇವೆ. ದುಂಡವ್ವನನ್ನೂ ಕೂರಿಸಿದರು. ವಿಭೂತಿ ಹಚ್ಚಿ, ಬಾಯಿ ತೆರೆಯದಂತೆ ಗದ್ದಕ್ಕೆ ಬಟ್ಟೆ ಕಟ್ಟಿದರು. ಮೇಳದವನ ಮನೆಯ ಸಾವು, ಹಾಡಿನ ಮೊದಲ ಸೊಲ್ಲು ಆ ಮನೆಯವನೇ ಎತ್ತಬೇಕು. ಮೇಳ ತಾಳ ಹಿಡಿದು ಕಾಯಿತು. ಬಾಳಪ್ಪ ಅವ್ವನ ಪಕ್ಕ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದ.

"ಎತ್ತಪ್ಪಾ," ಅಂದರು ರಾಚಯ್ಯನವರು.

"ತಡೀರಿ. ಅವ್ವ ಇನ್ನೂ ಗಂಟಲು ಸಡಿಲ ಮಾಡ್ಕೊಳ್ಳಾಕತ್ತಾಳ."

ಯಾರೂ ನಗಲಿಲ್ಲ. ಬಾಳಪ್ಪ ಬಾಯಿ ಮುಚ್ಚಿ ಹ್ಞೂಂ ಅಂತ ದನಿ ಎಳೆದ. ಹೊತ್ತು ಏರಿತು. ಹಾಡಿಲ್ಲದೆಯೇ ಅವಳನ್ನು ಹೊತ್ತು ನಡೆದರು. ಹಿಂದೆ ಬಾಳಪ್ಪ, ಹ್ಞೂಂ. ಕುಣಿಗೆ ಮಣ್ಣು ಎಳೆದರು, ಹ್ಞೂಂ. ಎಲ್ಲರೂ ಮನೆಗೆ ಹೊರಟರು. ಅವನು ಮಣ್ಣಿನ ಪಕ್ಕ ಚಕ್ಕಳಮಕ್ಕಳ ಹಾಕಿ, ಕಿವಿಗೊಟ್ಟು ಕುಳಿತ.