ಮೌನವಾರದ ನೀರು

ನದಿ ದಂಡೆಯ ಮಠದಲ್ಲಿ ಮುರಿಗೆಯ್ಯನವರು ಹಲ್ಲಿನ ಆಸ್ಪತ್ರೆ ನಡೆಸುತ್ತಿದ್ದರು. ಮೋಕ್ಷ ಕೇಳಲು ಬಂದವರೂ ಮೊದಲು ದವಡೆ ಹಿಡಿದುಕೊಂಡೇ ಬರುತ್ತಾರೆಂಬುದು ಅವರ ಅನುಭವ.

ಶಿಷ್ಯ ಇಂದುಧರ ಹೊಸ ದಂತವೈದ್ಯ. ಹಲ್ಲಿನ ಯಂತ್ರಕ್ಕೆ ನೀರು ಹಾಯುವ ತೊಟ್ಟಿಯ ನೀರನ್ನು ಪರೀಕ್ಷೆಗೆ ಕಳಿಸಿದ್ದ. ಶುದ್ಧವೆಂದು ಬಂದ ವರದಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ.

ಮಠದಲ್ಲಿ ಸೋಮವಾರ ಮೌನ. ಮಾತಿಲ್ಲ, ಯಂತ್ರದ ಸದ್ದೂ ಇಲ್ಲ.

ಒಂದು ಮಂಗಳವಾರ ಪಾರವ್ವ ಬಂದಳು. ಕ್ಯಾನ್ಸರಿನ ಔಷಧಿಗೆ ಮೈ ಸೋತಿತ್ತು. ಸಣ್ಣ ಸೋಂಕೂ ಜೀವಕ್ಕೆ ಎರವಾಗಬಹುದಿತ್ತು.

“ರೊಟ್ಟಿ ಕಡಿಯೋ ಹಂಗ ಮಾಡೋ ತಮ್ಮಾ. ಗಂಜಿ ಕುಡಿದು ಕುಡಿದು ನಾನೂ ಸನ್ಯಾಸಿ ಆಗೇನಿ.”

ನೀರು ಚಿಮ್ಮಿಸುತ್ತ ಹಲ್ಲು ಕೊರೆಯುವ ಯಂತ್ರವನ್ನು ಇಂದುಧರ ಕೈಗೆತ್ತಿಕೊಂಡ. ಗುರುಗಳು ತಡೆದರು.

“ನೀರು?”

“ಶುದ್ಧ, ಗುರುಗಳೇ. ವರದಿ ಗೋಡೆಯ ಮೇಲಿದೆ.”

“ಗೋಡೆಗೆ ಹಲ್ಲುನೋವಿಲ್ಲ.”

ಗುರುಗಳು ಯಂತ್ರದ ನೀರಿನ ನಳಿಗೆ ಕಳಚಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿದರು.

“ಬೆರಳಾಡಿಸು.”

ಬೆರಳಿಗೆ ಲೋಳೆ ಹತ್ತಿತು.

“ಇದೇನು ಗುರುಗಳೇ?”

“ವಾರವಾರ ನಳಿಗೆಯಲ್ಲಿ ನಿಂತ ನೀರೂ ಮೌನ ಹಿಡಿಯುತ್ತದಲ್ಲ. ಸೂಕ್ಷ್ಮಜೀವಿಗಳು ನಳಿಗೆಯೊಳಗೆ ಅಂಟಿಕೊಂಡು ಸಂಸಾರ ಹೂಡಿವೆ. ನಮ್ಮ ಮೌನದಿಂದ ಫಲ ಪಡೆದವರು ಸದ್ಯಕ್ಕೆ ಅವರೇ.”

“ತೊಟ್ಟಿಯ ನೀರು ಶುದ್ಧವಾಗಿತ್ತಲ್ಲ!”

“ಪಾರವ್ವ ತೊಟ್ಟಿಗೆ ಬಾಯಿಡುತ್ತಾಳೇನು?”

ಇಂದುಧರ ಗೋಡೆಯ ವರದಿಯನ್ನು ಇಳಿಸಿದ.

ನೋವಿಗೆ ಮಾತ್ರೆ ಕೊಟ್ಟು ಪಾರವ್ವನನ್ನು ಮಠದಲ್ಲೇ ಉಳಿಸಿಕೊಂಡರು. ಇಂದುಧರ ನಳಿಗೆಗಳನ್ನೆಲ್ಲ ಬದಲಿಸಿದ. ಔಷಧಿ ಹಾಯಿಸಿ ತೊಳೆದ. ಈ ಸಲ ಪರೀಕ್ಷೆಗೆ ಕಳಿಸಿದ್ದು ರೋಗಿಯ ಬಾಯಿಗೆ ಬೀಳುವ ನೀರನ್ನು.

ಮತ್ತೆ ಸೋಮವಾರ ಬಂತು. ಮಠವೆಲ್ಲ ಸುಮ್ಮನಿತ್ತು. ಹಲ್ಲಿನ ಕೋಣೆಯಲ್ಲಿ ಮಾತ್ರ ಇಂದುಧರ ಯಂತ್ರದ ನೀರು ಹರಿಯಬಿಟ್ಟಿದ್ದ. ಮಠದ ಹಿರಿಯ ಸ್ವಾಮಿಗಳು ಬಾಗಿಲಲ್ಲಿ ನಿಂತು ಹುಬ್ಬು ಗಂಟಿಕ್ಕಿದರು. ಮೌನವಾದ್ದರಿಂದ ಬೈಯಲಾಗಲಿಲ್ಲ.

ಮರುದಿನ ವರದಿ ಬಂತು. ಬಾಯಿಗೆ ಬೀಳುವ ನೀರೂ ಈಗ ಶುದ್ಧ. ಅಂದೇ ಹಲ್ಲು ಕೊರೆದು, ತುಂಬಿದ್ದಾಯಿತು. ಸೋಂಕು ಸುಳಿಯಲಿಲ್ಲ.

ಕೆಲವು ದಿನ ಕಳೆದು ಪಾರವ್ವ ಊಟದ ಪಂಕ್ತಿಯಲ್ಲಿ ಕೂತು ಖಡಕ್ ರೊಟ್ಟಿ ಮುರಿದು ಕಡಿದಳು.

“ಕೇಳಿಸ್ತೇನೋ ತಮ್ಮಾ?”

“ಇಡೀ ಮಠಕ್ಕೆ ಕೇಳಿಸ್ತು, ಅವ್ವಾ!”

ಪಂಕ್ತಿ ನಕ್ಕಿತು. ಹಿರಿಯ ಸ್ವಾಮಿಗಳೂ ನಕ್ಕರು, ಅಂದು ಸೋಮವಾರವಾಗಿರಲಿಲ್ಲ.

ಇಂದುಧರ ಓಡೋಡಿ ಗುರುಗಳ ಬಳಿ ಬಂದ.

“ಗೆದ್ದೆವು ಗುರುಗಳೇ! ಇನ್ನು ಆ ಜೀವಿಗಳು ಈ ಕಡೆ ಬರುವುದಿಲ್ಲ.”

“ಬರುತ್ತವೆ,” ಎಂದರು ಗುರುಗಳು. “ಕೂರಲು ಬಿಡಬೇಡ.”